ಈ ಸಲ ರಜೆಗಲ್ಲ, ಮನೆಗೇ ಬಂದಿದ್ದಾರೆ

ನರಕ ಚತುರ್ದಶಿಯ ಬೆಳಗು. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎರಡನೇ ಮಹಡಿಗೆ ಫರಾಳದ ತಟ್ಟೆ ಹಿಡಿದು ಹೋಗಿದ್ದೆ. ಅಲ್ಲಿದ್ದವರು ಗದಗ ಕಡೆಯ ಒಬ್ಬ ಹವಾಲ್ದಾರರು. ಸೈನ್ಯದಿಂದ ನಿವೃತ್ತರಾಗಿ ಬಂದು ನಾಲ್ಕು ತಿಂಗಳಾಗಿತ್ತು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದರು. ಕೆಳಗೆ ಕಂಪೌಂಡಿನಲ್ಲಿ ಹುಡುಗರು ಸುತಳಿ ಬಾಂಬ್ ಹಚ್ಚಿದರು. ಸದ್ದು ಅಡಗುವಷ್ಟರಲ್ಲಿ ಅವರು ನೆಲಕ್ಕೆ ಬಿದ್ದಾಗಿತ್ತು. ಎಂಟು ವರ್ಷದ ಮಗಳನ್ನು ಸೋಫಾದ ಹಿಂದಕ್ಕೆ ಎಳೆದು, ಅವಳ ತಲೆಯ ಮೇಲೆ ತಮ್ಮ ಅಂಗೈ ಹರವಿದ್ದರು. ಎಣ್ಣೆಯ ಬಟ್ಟಲು ಮಗುಚಿ ಉರುಳಿತು. ಮಗಳು ಆಟವೆಂದುಕೊಂಡು ನಕ್ಕಳು. ಅಪ್ಪನ ಮುಖ ನೋಡಿದವಳೇ ಸುಮ್ಮನಾದಳು.

ಆಮೇಲೆ ಮೆಟ್ಟಿಲ ಬಳಿ ಅವರ ಹೆಂಡತಿ ಹೇಳಿದ ಮಾತು ನನಗಿನ್ನೂ ನೆನಪಿದೆ: “ರಜಾಕ್ಕ ಬಂದಾಗ ಹಿಂಗ ಇರ್ತಿರ್ಲಿಲ್ಲರೀ. ನಕ್ಕೋತ ಬಂದು ನಕ್ಕೋತ ಹೋಗ್ತಿದ್ರು. ಈಗೇನಾತೋ ತಿಳಿವಲ್ದು.”

ಅವರ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇದೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಆ ದಿನಗಳಲ್ಲಿ ಆತ ಮನೆಗೆ ನೆಂಟ. ಹೋಳಿಗೆ ಆಗುತ್ತದೆ, ಜಾತ್ರೆಗೆ ಹೋಗುತ್ತಾರೆ, ಬೈಯಬೇಕಾದದ್ದನ್ನು ಯಾರೂ ಬೈಯುವುದಿಲ್ಲ. ದೇಹ ಎಚ್ಚರದಲ್ಲೇ ಇದ್ದರೂ, ಹಿಂತಿರುಗುವ ದಿನ ಗೊತ್ತಿರುವುದರಿಂದ ಒಳಗಿನದನ್ನು ಅದುಮಿಟ್ಟುಕೊಳ್ಳುವುದು ಸಾಧ್ಯ. ನಿವೃತ್ತಿಯ ನಂತರ ಹಿಂತಿರುಗುವ ದಿನವೇ ಇಲ್ಲ. ಅದುಮಿಟ್ಟದ್ದು ಮೇಲೆ ಬರುವುದು ಆಗ. ಬಹುಪಾಲು ಜವಾನರು ಮನೆಗೆ ಬರುವಾಗ ಅವರಿಗೆ ಮೂವತ್ತೈದು, ನಲವತ್ತರ ಆಸುಪಾಸು ವಯಸ್ಸು. ಮುಂದೆ ಅರ್ಧ ಆಯುಷ್ಯ ಬಾಕಿ ಇರುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಇದರ ಮೇಲೆ ಇನ್ನೊಂದು ತೊಡಕು. ಹುಟ್ಟೂರು ವಿಜಯಪುರವೋ ಗದಗವೋ ಪುತ್ತೂರೋ. ಮಕ್ಕಳ ಶಾಲೆ, ಮೈದುನನ ಅಂಗಡಿ, ಹೆಂಡತಿಯ ನೌಕರಿ ಅಂತ ನೆಲೆ ಇಲ್ಲಿ. ಊರಿಗೆ ಹೋಗಿದ್ದರೆ ಕಟ್ಟೆಯ ಮೇಲೆ ಕೂರಲು ನಾಲ್ಕು ಜನ ಮಾಜಿ ಸೈನಿಕರಾದರೂ ಸಿಗುತ್ತಿದ್ದರು. ಇಲ್ಲಿ ಸಿಗುವುದು ಐನೂರು ಚದರಡಿಯ ಮನೆ ಮತ್ತು ಬೆಳಗಿನ ಲೋಕಲ್. ಈ ಲೇಖನ ಅಂಥ ಮನೆಯವರಿಗೆ. ಸೈನಿಕರು ಓದಿದರೆ ಇನ್ನೂ ಒಳ್ಳೆಯದು.

ಹಳೆಯ ಸಂಕಟ, ಹೊಸ ಹೆಸರು

ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ. ಗೆದ್ದ ಧರ್ಮರಾಯ ಸಿಂಹಾಸನ ಬೇಡ, ಕಾಡಿಗೆ ಹೋಗುತ್ತೇನೆಂದು ಕುಸಿದು ಕೂರುವ ಭಾಗ ಅದರಲ್ಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಪೂರ್ತಿ ಮಾಡಿದ. ನಮ್ಮ ಮನಸ್ಸಿನಲ್ಲಿ ಉಳಿದಿರುವುದೂ ಯುದ್ಧದ ತನಕದ ಕಥೆಯೇ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಯಲ್ಲಿ ಬಳಸಿದ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರ ಹೈಫಾ ಗೆಲುವಿನಲ್ಲಿ ಪಾಲ್ಗೊಂಡದ್ದು ನಮಗೆ ಗೊತ್ತು. ಮನೆಗೆ ಬಂದ ಮೇಲೆ ಆ ಸವಾರರು ಹೇಗೆ ಮಲಗಿದರು ಎಂಬುದನ್ನು ಕೇಳಿದವರು ಕಡಿಮೆ. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರು ಈ ಸ್ಥಿತಿಗೆ ಪಿಟಿಎಸ್‌ಡಿ (ಆಘಾತದ ನಂತರದ ಒತ್ತಡದ ಕಾಯಿಲೆ) ಎಂದು ಹೆಸರಿಟ್ಟರು.

ದೇಹ ಯಾಕೆ ಹೀಗೆ ಮಾಡುತ್ತದೆ?

ಇದು ಅರ್ಥವಾದರೆ ಮುಂದಿನ ಸೂಚನೆಗಳು ತಾವಾಗಿಯೇ ಅರ್ಥವಾಗುತ್ತವೆ.

ಮೆದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪಾಯದ ಗಂಟೆ ಬಾರಿಸುವುದು ಅದರ ಕೆಲಸ. ಯೋಚಿಸುವ ಮೆದುಳು “ಇದು ಪಟಾಕಿ” ಎಂದು ಗುರುತಿಸುವ ಮೊದಲೇ ಅದು ಅಡ್ರಿನಲಿನ್ ಹರಿಸಿ ಎದೆ ಬಡಿತ ಏರಿಸಿ, ಸ್ನಾಯುಗಳನ್ನು ಬಿಗಿ ಮಾಡಿರುತ್ತದೆ. ಗಡಿಯಲ್ಲಿ ಈ ಅವಸರವೇ ಜೀವ ಉಳಿಸುತ್ತದೆ. ಶಬ್ದ ಏನೆಂದು ವಿಚಾರಿಸುತ್ತ ನಿಂತವನು ಅಲ್ಲಿ ಉಳಿಯುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ಕಲಿತ ಈ ಪಾಠವನ್ನು ದೇಹ ಡಿಸ್ಚಾರ್ಜ್ ಬುಕ್ ಕೈಗೆ ಬಂದ ದಿನ ಮರೆಯುವುದಿಲ್ಲ. ಹಾಗಾಗಿ ನೆಲಕ್ಕೆ ಬಿದ್ದ ಹವಾಲ್ದಾರರು ಹೆದರಿದ್ದರು ಎನ್ನುವುದಕ್ಕಿಂತ, ತಮ್ಮ ಕೆಲಸ ಮಾಡಿದರು ಎನ್ನುವುದು ಸರಿ. ಮಗಳನ್ನು ರಕ್ಷಿಸಿದರು. ಜಾಗ ಮಾತ್ರ ಬೇರೆಯಾಗಿತ್ತು.

ಎರಡು ಮಾತು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮನೆಗೆ ಬಂದ ಬಹುತೇಕ ಸೈನಿಕರಿಗೆ ಕಾಯಿಲೆ ಏನೂ ಇರುವುದಿಲ್ಲ. ಇರುವುದು ಹೊಂದಿಕೊಳ್ಳುವ ಕಷ್ಟ. ಸಮವಸ್ತ್ರ ಹೋಯಿತು, ಹುದ್ದೆ ಹೋಯಿತು, ಪಕ್ಕದಲ್ಲಿದ್ದ ಗೆಳೆಯರು ಹೋದರು, ಬೆಳಗಿನ ಬಿಗಿಲ್ ಇಲ್ಲ. ಇದು ಕೆಲವು ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಆದರೆ ನೋಡಿದ್ದು ಕಣ್ಣೆದುರು ಮತ್ತೆ ಮತ್ತೆ ಬರುವುದು, ಅದನ್ನು ನೆನಪಿಸುವ ಜಾಗ, ಜನ, ಮಾತುಗಳನ್ನು ತಪ್ಪಿಸುವುದು, ಯಾವುದರಲ್ಲೂ ಸಂತೋಷ ಕಾಣದೆ ತನ್ನನ್ನೇ ದೂಷಿಸಿಕೊಳ್ಳುವುದು, ಸದಾ ಬೆಚ್ಚುವುದು ಅಥವಾ ಸಿಡುಕುವುದು: ಈ ನಾಲ್ಕೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ನೌಕರಿ, ಸಂಸಾರ ಕೆಡುತ್ತಿದ್ದರೆ ಅದು ಪಿಟಿಎಸ್‌ಡಿ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಬಹಳ ಮಂದಿಗೆ ವಾಸಿಯಾಗುತ್ತದೆ. ಮನೆಯ ಮದ್ದಿನಿಂದ ಮಾತ್ರ ಆಗದು.

ಮನೆಯಲ್ಲಿ ಮಾಡಬೇಕಾದದ್ದು

1. ಮೊದಲ ಆರು ತಿಂಗಳು ದೊಡ್ಡ ನಿರ್ಧಾರ ಬೇಡ. ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗದ ಮುಂಗಡ) ಎಲ್ಲ ಸೇರಿ ಒಟ್ಟಿಗೆ ಹಣ ಬರುತ್ತದೆ. ಅದರ ವಾಸನೆ ಹಿಡಿದು ಸಂಬಂಧಿಕರು, ವಿಮೆ ಏಜೆಂಟರು, ‘ಪ್ಲಾಟ್ ಇದೆ’ ಎನ್ನುವವರು ಬರುತ್ತಾರೆ. ಕಮ್ಯುಟ್ ಮಾಡಿದ ಪಿಂಚಣಿಯ ಭಾಗ ಪೂರ್ತಿಯಾಗಿ ಮರಳುವುದು 15 ವರ್ಷಗಳ ನಂತರ ಎಂಬುದನ್ನು ನೆನಪಿಡಿ. ಅದು ನಿಮ್ಮದೇ ನಾಳೆಯ ಸಂಬಳ. ಹಣವನ್ನು ಬ್ಯಾಂಕಿನಲ್ಲೋ ಪೋಸ್ಟ್ ಆಫೀಸಿನಲ್ಲೋ ಠೇವಣಿ ಇಟ್ಟು ಸುಮ್ಮನಿರಿ.

2. ಮನೆಯ ಯಜಮಾನಿಕೆಯನ್ನು ಒಂದೊಂದೇ ತುಂಡಾಗಿ ಹಂಚಿಕೊಳ್ಳಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಜಗಳ ಹುಟ್ಟುವುದು ಇಲ್ಲೇ. ನಮ್ಮ ಹವಾಲ್ದಾರರ ಹೆಂಡತಿ ಒಮ್ಮೆ ಕಣ್ಣೀರು ಹಾಕಿಕೊಂಡು ಅಂದಿದ್ದರು: “ಹದಿನೇಳು ವರ್ಷ ಈ ಮನಿ ನಾನ ನಡಿಸೀನಿ. ಈಗ ಗ್ಯಾಸ್ ಬುಕ್ ಮಾಡಾಕೂ ಇವರನ್ನ ಕೇಳಬೇಕಂದ್ರ ಹೆಂಗ್ರೀ?” ಗಂಡನ ಕಡೆಯಿಂದ ನೋಡಿದರೆ ಹತ್ತು ಜನರ ಸೆಕ್ಷನ್ ನಡೆಸಿದವನಿಗೆ ಮನೆಯಲ್ಲಿ ಯಾವ ಕೆಲಸವೂ ಇಲ್ಲ, ಸೊಸೈಟಿ ಬಿಲ್ ಎಷ್ಟು, ಮಗನ ಟೀಚರ್ ಯಾರು ಒಂದೂ ಗೊತ್ತಿಲ್ಲ. ಗೊತ್ತಿಲ್ಲದವನು ಹುಕುಂ ಕೊಡುತ್ತಾನೆ. ಹೀಗೆ ಮಾಡಿ: ಮನೆಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ತಿಂಗಳಿಗೆ ಎರಡನ್ನು ಪೂರ್ತಿಯಾಗಿ ಅವರಿಗೆ ವಹಿಸಿ. ಕರೆಂಟ್ ಬಿಲ್ ಮತ್ತು ತರಕಾರಿ, ಮುಂದಿನ ತಿಂಗಳು ಮಗಳ ಗಣಿತ. ವಹಿಸಿದ ಮೇಲೆ ತಪ್ಪಾದರೂ ತಿದ್ದಲು ಹೋಗಬೇಡಿ. ಮಕ್ಕಳ ಶಿಕ್ಷೆ, ಶಿಸ್ತು ಮಾತ್ರ ಕೊನೆಗೆ ಬರಲಿ. ರಜೆಯಲ್ಲಿ ಚಾಕಲೇಟ್ ತರುತ್ತಿದ್ದ ಅಪ್ಪ ಏಕಾಏಕಿ ಮೊಬೈಲ್ ಕಿತ್ತುಕೊಳ್ಳುವ ಅಪ್ಪ ಆದರೆ ಮಕ್ಕಳು ದೂರ ಸರಿಯುತ್ತಾರೆ.

3. ದಿನಕ್ಕೊಂದು ವೇಳಾಪಟ್ಟಿ ಇರಲಿ. ಸೈನ್ಯದ ದಿನಚರಿ ಹೋದ ಜಾಗದಲ್ಲಿ ಇನ್ನೊಂದು ದಿನಚರಿ ಬೇಕು. ಬೆಳಿಗ್ಗೆ ನಡಿಗೆ ಬಿಡಬಾರದು: ಥಾಣೆಯವರಿಗೆ ಯೇಊರ್ ಗುಡ್ಡ, ಡೊಂಬಿವಲಿಯವರಿಗೆ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲ, ಕಲ್ಯಾಣದವರಿಗೆ ಕಾಳಾ ತಲಾವ್, ನೆರೂಲಿನವರಿಗೆ ಜ್ಯುವೆಲ್ ಆಫ್ ನವಿಮುಂಬಯಿ. ದಣಿದ ದೇಹ ರಾತ್ರಿ ಮಲಗುತ್ತದೆ.

4. ಸದ್ದಿಗೆ ಮೊದಲೇ ಸುಳಿವು ಕೊಡಿ. ಅಮಿಗ್ಡಲಕ್ಕೆ ಅನಿರೀಕ್ಷಿತವಾದದ್ದೇ ಅಪಾಯ. ಗೊತ್ತಿದ್ದು ಬರುವ ಸದ್ದು ಅಷ್ಟು ಕಾಡುವುದಿಲ್ಲ. ಗೋಪಾಲಕಾಲಾ, ಗಣೇಶ ವಿಸರ್ಜನೆಯ ಢೋಲ್ ತಾಶಾ, ದೀಪಾವಳಿ, ಡಿಸೆಂಬರ್ 31ರ ರಾತ್ರಿ: ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕಂಪೌಂಡಿನ ಹುಡುಗರಿಗೆ ಹೇಳಿ, “ಬಾಂಬ್ ಹಚ್ಚುವ ಮುಂಚೆ ಅಂಕಲ್‌ಗೆ ಕೂಗಿ ಹೇಳ್ರಪ್ಪಾ” ಅಂತ. ಮಕ್ಕಳು ಸಂತೋಷದಿಂದ ಮಾಡುತ್ತಾರೆ, ನಾನು ನೋಡಿದ್ದೇನೆ. ಮೊದಲ ದೀಪಾವಳಿಗೆ ಊರಿಗೆ ಹೋಗಿ ಬಂದರೂ ತಪ್ಪಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ. ತೀರಾ ಮಿತಿ ಮೀರಿದರೆ 112ಕ್ಕೆ ಕರೆ ಮಾಡಬಹುದು. ಡೊಂಬಿವಲಿ ಎಂಐಡಿಸಿ ಸುತ್ತಮುತ್ತ ಇರುವವರಿಗೆ ಒಂದು ಮಾತು: 2016ರ ಮೇ 26 ಮತ್ತು 2024ರ ಮೇ 23ರಂದು ಅಲ್ಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಆದ ಸ್ಫೋಟಕ್ಕೆ ದೂರದ ಮನೆಗಳ ಕಿಟಕಿ ಗಾಜು ಕೂಡ ಪುಡಿಯಾಗಿತ್ತು. ಅಂಥ ಸದ್ದಿನ ನಂತರ ವಾಸಿಯಾಗಿದ್ದವರಿಗೂ ಹಳೆಯದೆಲ್ಲ ಮರಳಬಹುದು. ಹಿಂದೆ ಹೋದೆವು ಎಂದು ಎದೆಗುಂದಬೇಡಿ. ಎರಡು ಮೂರು ವಾರ ಹೆಚ್ಚು ಜೋಪಾನ ಮಾಡಿ.

5. ಲೋಕಲ್ ರೈಲನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ. ಬೆನ್ನಿಗೆ ಗೋಡೆ ಇಲ್ಲ, ಹೊರಹೋಗಲು ದಾರಿ ಇಲ್ಲ, ಹಿಂದಿನಿಂದ ಯಾರೋ ಒತ್ತುತ್ತಿದ್ದಾರೆ: ಸೈನಿಕನ ದೇಹಕ್ಕೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ. ಹವಾಲ್ದಾರರು ಸಂದರ್ಶನಕ್ಕೆಂದು ಹೊರಟವರು ಡೊಂಬಿವಲಿ ಪ್ಲಾಟ್‌ಫಾರ್ಮಿನ ಗೋಡೆಗೆ ಆತು ನಿಂತು ಆರು ಗಾಡಿ ಬಿಟ್ಟು ಮನೆಗೆ ಮರಳಿದ್ದರು. ಮನೆಗೆ ಬಂದ ಕೂಡಲೇ ಎದೆ ಹಗುರಾಯಿತಂತೆ. ಆ ಹಗುರವೇ ಮೋಸ. ತಪ್ಪಿಸಿಕೊಂಡಾಗಲೆಲ್ಲ “ತಪ್ಪಿಸಿಕೊಂಡದ್ದರಿಂದ ಬದುಕಿದೆ” ಎಂದು ಮೆದುಳು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಹೆದರಿಕೆ ಇನ್ನಷ್ಟು ದೊಡ್ಡದಾಗುತ್ತದೆ. ಹಾಗೆಂದು ಬೆಳಿಗ್ಗೆ ಎಂಟರ ಫಾಸ್ಟಿಗೆ ನೂಕಿದರೂ ಕೆಡುತ್ತದೆ. ಮೆಟ್ಟಿಲು ಹೀಗಿರಲಿ: ಮೆಗಾಬ್ಲಾಕ್ ಇಲ್ಲದ ಭಾನುವಾರ ಮಧ್ಯಾಹ್ನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ. ಅದು ರೂಢಿಯಾದ ಮೇಲೆ ಒಂದೇ ಸ್ಟೇಷನ್, ಠಾಕುರ್ಲಿ. ನಂತರ ಕಲ್ಯಾಣ್. ನಂತರ ಥಾಣೆ, ಹನ್ನೊಂದು ಗಂಟೆಯ ಮೇಲೆ. ಡೊಂಬಿವಲಿಯಿಂದಲೇ ಹೊರಡುವ ಗಾಡಿಯಾದರೆ ಕೂರಲು ಜಾಗ ಸಿಗುತ್ತದೆ, ಗೋಡೆ ಬದಿ ಹಿಡಿಯಬಹುದು. ಒಂದೊಂದು ಮೆಟ್ಟಿಲನ್ನೂ ಬೇಸರ ಬರುವ ತನಕ ಮಾಡಿ. ಬೇಸರ ಬಂತೆಂದರೆ ಹೆದರಿಕೆ ಹೋಯಿತೆಂದು ಅರ್ಥ.

ಗಾಡಿಯೊಳಗೆ ಎದೆ ಹೊಡೆದುಕೊಂಡರೆ ಉಸಿರು ನಾಲ್ಕು ಎಣಿಕೆಗೆ ಒಳಗೆ, ಎಂಟು ಎಣಿಕೆಗೆ ಹೊರಗೆ. ಉಸಿರು ಬಿಡುವಾಗ ಎದೆ ಬಡಿತ ತಾನಾಗಿ ಇಳಿಯುತ್ತದೆ, ಅದಕ್ಕೇ ಹೊರಗಿನ ಉಸಿರು ಉದ್ದ ಇರಬೇಕು. ಜೊತೆಗೆ ಕಣ್ಣಿಗೆ ಕಂಡ ಐದು ವಸ್ತುಗಳನ್ನು ಮನಸ್ಸಿನಲ್ಲೇ ಹೆಸರಿಸಲಿ: ಹಿಡಿಕೆ, ಫ್ಯಾನ್, ಕೆಂಪು ಚೈನ್, ಎದುರಿನವರ ಡಬ್ಬಿ ಚೀಲ, ಇಂಡಿಕೇಟರ್. “ಪುಢೀಲ್ ಸ್ಟೇಷನ್ ಠಾಕುರ್ಲಿ” ಎಂಬ ಘೋಷಣೆ ಕೇಳಲಿ. ತಾನು ಈಗ ಎಲ್ಲಿದ್ದೇನೆ ಎಂದು ಕಣ್ಣು ಕಿವಿಗಳು ಸಾಕ್ಷಿ ಹೇಳಿದರೆ ಮೆದುಳು ನಂಬುತ್ತದೆ.

6. ರಾತ್ರಿ. ಮೂರು ಸಲ ಚಿಲಕ ನೋಡುತ್ತಾರೆಯೇ? ನೋಡಲಿ, ಆದರೆ ಒಂದು ಸಲ ಜೊತೆಯಾಗಿ ನೋಡಿ “ಹಾಕಿದೆ” ಎಂದು ಬಾಯಿಬಿಟ್ಟು ಹೇಳಿ. ನಿಧಾನಕ್ಕೆ ಮೂರು ಎರಡಾಗುತ್ತದೆ. ಏಳುವ ಹೊತ್ತು ದಿನವೂ ಒಂದೇ ಇರಲಿ. ಕೆಟ್ಟ ಕನಸಿನಲ್ಲಿ ಕೈಕಾಲು ಝಾಡಿಸುತ್ತಿದ್ದರೆ ಮೈಮುಟ್ಟಿ ಅಲುಗಾಡಿಸಬೇಡಿ. ಅರೆನಿದ್ದೆಯಲ್ಲಿ ಕೈ ಬೀಸಿ ನಿಮಗೆ ಪೆಟ್ಟಾಗಬಹುದು, ಆಮೇಲೆ ಆ ಅಪರಾಧಪ್ರಜ್ಞೆ ಅವರನ್ನು ಇನ್ನೂ ತಿನ್ನುತ್ತದೆ. ದೀಪ ಹಾಕಿ, ಕಾಲಿನ ಕಡೆ ದೂರ ನಿಂತು ಮಾತಾಡಿಸಿ. ಗಂಡನ ಹೆಸರು ಹಿಡಿಯುವ ರೂಢಿ ನಿಮ್ಮಲ್ಲಿಲ್ಲದಿದ್ದರೆ, “ಏನ್ರೀ, ಮನ್ಯಾಗ ಅದೀರಿ, ಡೊಂಬಿವಲ್ಯಾಗ ಅದೀರಿ” ಅಂದರೆ ಸಾಕು. ಊರಿನ ಹೆಸರು ಬಹಳ ಕೆಲಸ ಮಾಡುತ್ತದೆ.

7. ಕುಡಿತ. ಕ್ಯಾಂಟೀನ್ ಕೋಟಾದ ರಮ್ ಅಗ್ಗ, ಮನೆಗೆ ಬರುತ್ತದೆ, ಕುಡಿದರೆ ಬೇಗ ನಿದ್ದೆಯೂ ಹತ್ತುತ್ತದೆ. ಆದರೆ ಆ ನಿದ್ದೆ ನಡುರಾತ್ರಿ ಒಡೆಯುತ್ತದೆ, ಬೆಳಗಿನ ಜಾವದ ಕನಸುಗಳು ಇನ್ನೂ ಜೋರಾಗುತ್ತವೆ, ಮಾರನೇ ದಿನ ಇನ್ನೂ ಒಂದು ಪೆಗ್ ಬೇಕಾಗುತ್ತದೆ. ಕೋಟಾ ತರುವುದನ್ನು ನಿಲ್ಲಿಸುವ ಮಾತು ಬೆಳಿಗ್ಗೆ ಹೊತ್ತು, ಕುಡಿಯದೆ ಇರುವಾಗ ಆಡಿ. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದವರು ಒಂದೇ ದಿನಕ್ಕೆ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯ. ಅಂಥವರು ವೈದ್ಯರ ಕೈಯಲ್ಲೇ ಬಿಡಬೇಕು. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.

8. ಮಾತಾಡಿಸುವುದು ಹೇಗೆ? ಎದುರು ಕೂರಿಸಿ “ಏನಾಯ್ತು ಹೇಳಿ” ಅನ್ನಬೇಡಿ, ಅದು ವಿಚಾರಣೆಯಂತಾಗುತ್ತದೆ. ಪಕ್ಕಪಕ್ಕ ಇರುವಾಗ, ನಡೆಯುತ್ತ, ಶೇಂಗಾ ಸುಲಿಯುತ್ತ, ಸೈಕಲ್ ರಿಪೇರಿ ಮಾಡುತ್ತ ಇರುವಾಗ ಮಾತು ತಾನಾಗಿ ಬರುತ್ತದೆ. ಬಂದರೆ ಕೇಳಿಸಿಕೊಳ್ಳಿ, ನಡುವೆ ಸಮಾಧಾನ ಹೇಳಬೇಡಿ. ಬರದಿದ್ದರೆ ಬಿಡಿ.

ನೌಕರಿಯ ಬಗ್ಗೆ ನನ್ನ ಖಂಡಿತ ಅಭಿಪ್ರಾಯ

ಮೊದಲ ವರ್ಷ ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ ಬೇಡ. ಇಲ್ಲಿ ಮಾಜಿ ಸೈನಿಕರಿಗೆ ಮೊದಲು ಸಿಗುವುದು ಅದೇ: ಹನ್ನೆರಡು ಗಂಟೆಯ ಡ್ಯೂಟಿ, ಕತ್ತಲಲ್ಲಿ ಒಬ್ಬರೇ, ಪ್ರತಿ ಸದ್ದಿಗೂ ಕಿವಿ ಕೊಟ್ಟು. ಯಾವ ಎಚ್ಚರವನ್ನು ಇಳಿಸಬೇಕೋ ಅದಕ್ಕೇ ಸಂಬಳ ಕೊಟ್ಟಂತೆ. ಮನೆ ನಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಹಗಲು ಪಾಳಿ ಕೇಳಿ ಪಡೆಯಿರಿ.

ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10, ಸಾರ್ವಜನಿಕ ವಲಯದ ಬ್ಯಾಂಕುಗಳ ಸಿ ಗುಂಪಿನಲ್ಲಿ ಶೇಕಡಾ 14.5 ಮೀಸಲಾತಿ ಇದೆ. ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯ ತರಬೇತಿ ಕೊಡಿಸುತ್ತದೆ. ಪುಣೆಯಲ್ಲಿ ಕೇಂದ್ರ ಕಚೇರಿ ಇರುವ ಮೆಸ್ಕೋ, ಅಂದರೆ ಮಹಾರಾಷ್ಟ್ರ ಮಾಜಿ ಸೈನಿಕ ನಿಗಮ, ಕೆಲಸ ಕೊಡುತ್ತದೆ. ಸೇವೆಯಲ್ಲಿ ಡ್ರೈವರ್, ಎಲೆಕ್ಟ್ರಿಷಿಯನ್, ರೇಡಿಯೋ ಮೆಕ್ಯಾನಿಕ್ ಆಗಿದ್ದವರು ಆ ಕೈಕಸುಬಿನ ಪ್ರಮಾಣಪತ್ರ ಮುಂದಿಟ್ಟು ಕೆಲಸ ಕೇಳಲಿ. ಹವಾಲ್ದಾರ್ ಎಂದರೆ ವಾಚ್‌ಮನ್ ಎಂದೇ ತಿಳಿಯುವ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಕಾಗದಪತ್ರ

ಮನಸ್ಸಿನ ಅರ್ಧ ಭಾರ ಕಾಗದದ ಭಾರವೇ. ಊರಿನ ಜಿಲ್ಲಾ ಸೈನಿಕ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಇಲ್ಲಿಗೆ ಬಂದಿದ್ದರೆ ಆ ನೋಂದಣಿಯನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಥಾಣೆ, ಡೊಂಬಿವಲಿ, ಕಲ್ಯಾಣ್, ಐರೋಲಿ, ವಾಶಿ, ನೆರೂಲ್, ಬೇಲಾಪುರದವರಿಗೆ ಥಾಣೆಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಖಾರ್ಘರ್, ಕಾಮೋಠೆ, ಪನವೇಲ್ ನವಿಮುಂಬಯಿ ಅನ್ನಿಸಿಕೊಂಡರೂ ರಾಯಗಡ ಜಿಲ್ಲೆ; ಅವರ ಕಚೇರಿ ಅಲಿಬಾಗದಲ್ಲಿ. ಇದು ತಿಳಿಯದೆ ಥಾಣೆಗೆ ಹೋಗಿ ಬರಿಗೈಯಲ್ಲಿ ಮರಳುವುದು ಬೇಡ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಇಲ್ಲಿನ ವಿಳಾಸದ ಆಧಾರ್, ಹಳೆಯ ಕಚೇರಿಯ ಗುರುತಿನ ಚೀಟಿ ಮತ್ತು ವರ್ಗಾವಣೆ ಪತ್ರ ಜೊತೆಗಿರಲಿ.

ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ತಾರೀಖು ಪಿಪಿಒದಲ್ಲೂ ಆಧಾರಿನಲ್ಲೂ ಒಂದೇ ಇದೆಯೇ ಎಂದು ಇವತ್ತೇ ನೋಡಿ. ಕನ್ನಡಿಗರಲ್ಲಿ ಊರಿನ ಹೆಸರು, ಮನೆತನದ ಹೆಸರು, ಅಪ್ಪನ ಹೆಸರು ಹಿಂದುಮುಂದಾಗಿ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುವುದು ಸಾಮಾನ್ಯ. ನಾಳೆ ಕುಟುಂಬ ಪಿಂಚಣಿಗೆ ಅದೇ ಅಡ್ಡಿಯಾಗುತ್ತದೆ. ತಿದ್ದುಪಡಿ ರೆಕಾರ್ಡ್ ಆಫೀಸಿನ ಮೂಲಕ: ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಇಎಂಇಗೆ ಸಿಕಂದರಾಬಾದ್. ಪಿಂಚಣಿ ಈಗ ‘ಸ್ಪರ್ಶ್’ ವ್ಯವಸ್ಥೆಯಲ್ಲಿದೆ, ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಲೇಬೇಕು. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸಿಕೊಳ್ಳಿ; ಅದರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೂ ರೆಫರಲ್ ಸಿಗುತ್ತದೆ. ಸೇವೆಯಿಂದಲೇ ಬಂದ ಅಂಗವೈಕಲ್ಯ ಅಥವಾ ಕಾಯಿಲೆಗೆ ಪಿಂಚಣಿ ನಿರಾಕರಿಸಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಮುಂಬಯಿಯಲ್ಲೇ ಇದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

“ಮರೆತುಬಿಡಿ, ಈಗ ಮನೆಯಲ್ಲಿದ್ದೀರಲ್ಲ” ಎನ್ನುವುದು. ಮರೆಯುವುದು ಅವರ ಕೈಯಲ್ಲಿದ್ದರೆ ಎಂದೋ ಮರೆಯುತ್ತಿದ್ದರು.

ನೆಂಟರ ಮುಂದೆ “ಎಷ್ಟು ಜನರನ್ನ ಹೊಡೆದಿರಿ?” ಎಂದು ಕೇಳಲು ಬಿಡುವುದು. ಮಕ್ಕಳು ಕೇಳಿದರೆ ಅದು ಕುತೂಹಲ, ದೊಡ್ಡವರು ಕೇಳಿದರೆ ಕ್ರೌರ್ಯ. ಮಾತು ಬದಲಿಸಿ, ಇಲ್ಲವೇ ನೇರವಾಗಿ ತಡೆಯಿರಿ.

ಮನೆಯವರೆಲ್ಲ ಪಿಸುಗುಟ್ಟುತ್ತ, ಕಾಲ ತುದಿಯಲ್ಲಿ ನಡೆಯುವುದು. ಹುಷಾರು ಬೇರೆ, ಹೆದರಿಕೆ ಬೇರೆ. ಮಕ್ಕಳಿಗೆ ಅವರ ಭಾಷೆಯಲ್ಲಿ ಹೇಳಿ: “ಅಪ್ಪನ ಕಿವಿ ಇನ್ನೂ ಡ್ಯೂಟಿಯಲ್ಲಿದೆ, ನಿನ್ನ ಮೇಲೆ ಸಿಟ್ಟಿಲ್ಲ.”

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಡುವುದು. ಚಟವಾಗುತ್ತವೆ, ಮೂಲ ಸಂಕಟ ಹಾಗೇ ಉಳಿಯುತ್ತದೆ. ರಮ್ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ದೇವರು ದಿಂಡರು, ನೋಡಿಸಿ ಕೇಳಿಸಿ ಎಂದು ವರ್ಷ ಕಳೆಯುವುದು. ದೇವರಿಗೆ ನಡೆದುಕೊಳ್ಳಿ, ವೈದ್ಯರಲ್ಲಿಗೂ ಹೋಗಿ.

ಹೆಂಡತಿ ತನ್ನನ್ನು ಮರೆತುಬಿಡುವುದು. ನೀವೂ ವರ್ಷಗಟ್ಟಲೆ ಒಂದು ಕಾವಲು ಕಾದವರು. ನಿಮಗೂ ನಿದ್ದೆ, ನಿಮ್ಮದೇ ಗೆಳತಿಯರು, ವಾರಕ್ಕೊಂದು ನಿಮ್ಮ ಸಂಜೆ ಬೇಕು.

ಎಚ್ಚರಿಕೆ: ಇವು ಕಂಡರೆ ಕಾಯಬೇಡಿ

“ನಾನಿಲ್ಲದಿದ್ದರೆ ನಿಮಗೆ ಪಿಂಚಣಿಯಾದರೂ ಸಿಗುತ್ತೆ”, “ಅವರೆಲ್ಲ ಹೋದರು, ನಾನ್ಯಾಕೆ ಉಳಿದೆ” ಎಂಬ ಮಾತು; ಬಟ್ಟೆ, ಪದಕ, ವಸ್ತುಗಳನ್ನು ಹಂಚತೊಡಗುವುದು; ದಿನಗಟ್ಟಲೆ ಕುಡಿತ; ಮನೆಯವರ ಮೇಲೆ ಕೈ ಮಾಡುವುದು. ಹೀಗಾದರೆ ಅದೇ ದಿನ ನೆರವು ಪಡೆಯಿರಿ. “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ; ಇದ್ದರೆ ಹೊರಬರುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ಗನ್‌ಮ್ಯಾನ್ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಮನೆಯಲ್ಲಿದ್ದರೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಒಯ್ಯದೆ ಇರಬೇಡಿ. ನಿಮ್ಮ ಮೇಲೆ ಕೈ ಎತ್ತಿದರೆ ಯುದ್ಧದ ಕಾರಣ ಹೇಳಿಕೊಂಡು ಸಹಿಸಬೇಡಿ, ಮಕ್ಕಳೊಂದಿಗೆ ಹೊರಬಂದು 112ಕ್ಕೆ ಕರೆ ಮಾಡಿ.

ಎಲ್ಲಿಗೆ ಹೋಗಬೇಕು?

ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ಹಗಲು ರಾತ್ರಿ, ಉಚಿತ. ಕನ್ನಡದಲ್ಲೂ ಮಾತಾಡಬಹುದು. ಸಂಕಟವನ್ನು ಸೈನ್ಯದ ಹಿಂದಿಯಲ್ಲಿ ಹೇಳಲು ಕಷ್ಟವಾಗುವವರಿಗೆ ಇದು ದೊಡ್ಡ ಅನುಕೂಲ.

ಥಾಣೆಯಲ್ಲಿ 1901ರಿಂದ ಪ್ರಾದೇಶಿಕ ಮನೋರುಗ್ಣಾಲಯವಿದೆ. “ಥಾಣೆಗೆ ಕಳಿಸಬೇಕು” ಎಂಬ ಕುಹಕಕ್ಕೆ ಹೆದರಿ ಅದರ ಹೊರರೋಗಿ ವಿಭಾಗಕ್ಕೆ ಹೋಗದವರಿದ್ದಾರೆ. ಚೀಟಿ ಮಾಡಿಸಿ, ವೈದ್ಯರನ್ನು ಕಂಡು, ಅದೇ ದಿನ ಮನೆಗೆ ಬರುವ ಜಾಗ ಅದು. ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಕಟ್ಟಿದ ಮಾನಸಿಕ ಆರೋಗ್ಯ ಸಂಸ್ಥೆ ಐಪಿಎಚ್ ಕೂಡ ಥಾಣೆಯಲ್ಲೇ ಇದೆ. ಕಲವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯೊಂದಿಗೆ ಮೆಡಿಕಲ್ ಕಾಲೇಜು ಇದೆ. ಸೈನ್ಯದ ಆಸ್ಪತ್ರೆಯೇ ಬೇಕೆಂದರೆ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿ. ಹೋದಾಗ “ನಿದ್ದೆ ಬರಲ್ಲ” ಎಂದಷ್ಟೇ ಹೇಳಬೇಡಿ. ಯಾವ ವರ್ಷ, ಎಲ್ಲಿ ಡ್ಯೂಟಿಯಲ್ಲಿದ್ದರು, ಹತ್ತಿರದಲ್ಲಿ ಸ್ಫೋಟವಾಗಿ ತಲೆಗೆ ಪೆಟ್ಟು ಬಿದ್ದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ.

ನಮ್ಮ ಸಂಘಗಳಿಗೊಂದು ಕೋರಿಕೆ

ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಇನ್ನೂ ಇಲ್ಲಿರುವ ಹತ್ತಾರು ಜಾತಿ, ಊರು, ಭಾಷೆಯ ಸಂಘಗಳು ಮನಸ್ಸು ಮಾಡಿದರೆ ಒಂದು ಕೆಲಸ ಸುಲಭವಾಗಿ ಆಗುತ್ತದೆ. ಸ್ವಾತಂತ್ರ್ಯೋತ್ಸವಕ್ಕೆ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದು ಒಳ್ಳೆಯದೇ. ಜೊತೆಗೆ ತಿಂಗಳಿಗೊಂದು ಭಾನುವಾರ, ಎರಡು ತಾಸು, ಒಂದು ಕೋಣೆ ತೆರೆದಿಡಿ. ಸ್ಪರ್ಶ್ ತೆರೆದು ನೋಡಬಲ್ಲ ಒಬ್ಬ ಹುಡುಗ, ಮರಾಠಿ ಅರ್ಜಿ ತುಂಬಬಲ್ಲ ಒಬ್ಬರು, ಒಂದು ಕೆಟಲ್ ಚಹಾ. ನಮ್ಮ ಹವಾಲ್ದಾರರು ಮೊದಲು ಬಾಯಿಬಿಟ್ಟದ್ದು ಡಾಕ್ಟರ ಮುಂದಲ್ಲ, ಕಲ್ಯಾಣದಲ್ಲಿ ಸಿಕ್ಕ ಕೊಡಗಿನ ಇನ್ನೊಬ್ಬ ಮಾಜಿ ಸೈನಿಕರ ಮುಂದೆ. ಅವರೇ ಇವರನ್ನು ಡಾಕ್ಟರ ಬಳಿ ಕರೆದೊಯ್ದರು. ಕೋಣೆ ತೆರೆಯುವ ದಿನ ಗೊತ್ತಾದರೆ ನಿಮ್ಮ ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿ, ಕೆಳಗೆ 14416 ಎಂದು ದೊಡ್ಡದಾಗಿ ಬರೆಯಿರಿ.